ನುಡಿ ಕೇಳುವ ಪ್ರಶ್ನೆಗಳು

ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೂ, ಅಲ್ಲಿಗೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿರುವ ಸಂಗತಿ 1931ರಲ್ಲಿ ವಿದ್ವತ್ಪ್ರಪಂಚಕ್ಕೆ ತಿಳಿದುಬಂದಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರವಣಿಗೆಯ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಧರ್ಮಮಾರ್ಗದಲ್ಲಿ ಉದ್ಯುಕ್ತರಾಗುವುದು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಅಲ್ಪರಾದವರಿಗೂ ಅದು ಸಾಧ್ಯವೆಂಬುದು ಅದರ ತಾತ್ಪರ್ಯ. ಆ ಕಾಲದಲ್ಲಿ ಈ ಬೆಟ್ಟಗಳ ಬುಡದಲ್ಲಿ ಕುರಿ ಕಾಯುತ್ತಲೋ ಕಾಳುಕಡಿ ಬೆಳೆಯುತ್ತಲೋ ಇದ್ದ ಜನ ತಮ್ಮ ಮನೆಗಳಲ್ಲಿ ಪ್ರಾಕೃತವನ್ನಾಡುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಆದುದರಿಂದ ಬಂಡೆಯ ಮೇಲಿನ ಮಾತು ಅವರ ಕಿವಿಗೆ ಮುಟ್ಟಬೇಕಾದರೆ, ಎರಡು ನುಡಿಗಳನ್ನು ಬಲ್ಲವನೊಬ್ಬನು ನಡುವೆ ನಿಂತಿರಲೇಬೇಕು. ಮಗಧದಲ್ಲಿ ಹುಟ್ಟಿದ ಆಲೋಚನೆಯನ್ನು ಅವನು ಈ ನೆಲದ ಮಾತಿಗೆ ತಿರುಗಿಸಿದಾಗ ಆ ಆಲೋಚನೆ ಇದ್ದಂತೆಯೇ ಉಳಿಯಿತೆ, ಅಥವಾ ನುಡಿ ಬದಲಾದೊಡನೆ ಅದರ ಆಕೃತಿಯೂ ಬದಲಾಯಿತೆ? ಮನುಷ್ಯನು ಆಡುವ ಭಾಷೆ ಅವನು ಆಲೋಚಿಸುವ ರೀತಿಯನ್ನು ರೂಪಿಸುವುದೇ ಎಂಬ, ಇಂದಿಗೂ ಪಂಡಿತರನ್ನು ಬಿಡದೆ ಕಾಡುವ ಪ್ರಶ್ನೆ ಇದೇ ಆಗಿದೆ.

ಈ ಪ್ರಶ್ನೆಯನ್ನು ಕೊಪ್ಪಳದಲ್ಲಿ ನಿಂತು ಕೇಳುವುದಕ್ಕೆ ಇನ್ನೂ ಒಂದು ಔಚಿತ್ಯವುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಗಳನ್ನು ಹೇಳಿ, ಆ ನಾಡಿನೊಳಗೂ ಕನ್ನಡದ ತಿರುಳು ಯಾವ ಸೀಮೆಯದೆಂದು ವಿವೇಚಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಯಲ್ಲಿ ಕೊಪಣವನ್ನು ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಹೀಗೆ ಶುದ್ಧ ಕನ್ನಡದ ನೆಲೆಯೆಂದು ಹೊಗಳಿಸಿಕೊಂಡ ಈ ನಾಡಿನಲ್ಲಿಯೇ ಇಂದು ಪೇಟೆಯ ಓಣಿಗಳಲ್ಲಿ ದಖ್ಖನಿ ಉರ್ದು, ತುಂಗಭದ್ರೆಯ ಎಡದಂಡೆ ಕಾಲುವೆಯ ಕ್ಯಾಂಪುಗಳಲ್ಲಿ ತೆಲುಗು, ಕುಷ್ಟಗಿ ಯಲಬುರ್ಗಾಗಳ ತಾಂಡಾಗಳಲ್ಲಿ ಲಂಬಾಣಿ ನುಡಿ, ಎಲ್ಲೆಲ್ಲಿಯೂ ಕನ್ನಡ, ಒಟ್ಟಾಗಿ ಬಾಳುತ್ತಿವೆ. ಭಾಷೆಯೊಂದಕ್ಕೆ ಒಂದೊಂದು ಮನೋಲೋಕವೆನ್ನುವುದಾದರೆ ಗಂಗಾವತಿಯ ಸಂತೆಯಲ್ಲಿ ಸೇರುವವರು ನಾಲ್ಕು ಲೋಕಗಳ ನಿವಾಸಿಗಳೆಂದು ಒಪ್ಪಬೇಕಾಗುತ್ತದೆ; ಆದರೆ ಅಲ್ಲಿ ವ್ಯಾಪಾರ ನಿಂತದ್ದಿಲ್ಲ, ಸಾಲ ಕೊಡುಕೊಳ್ಳುವುದು ನಿಂತದ್ದಿಲ್ಲ, ಜಗಳವಾಡುವುದೂ ನಿಂತದ್ದಿಲ್ಲ.

ಶಬ್ದವಿಲ್ಲದೆ ಜ್ಞಾನವಿಲ್ಲವೆಂಬ ಪಕ್ಷ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಐದನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಭರ್ತೃಹರಿಯು ವಾಕ್ಯಪದೀಯದಲ್ಲಿ, ಲೋಕದ ಸಕಲ ಜ್ಞಾನವೂ ಶಬ್ದದೊಡನೆ ಹೆಣೆದುಕೊಂಡೇ ನಮಗೆ ತೋರುವುದೆಂದು ಪ್ರತಿಪಾದಿಸಿದನು. ಬೌದ್ಧ ತಾರ್ಕಿಕನಾದ ದಿಙ್ನಾಗನು ಇದನ್ನು ಒಪ್ಪದೆ, ಪ್ರತ್ಯಕ್ಷವೆಂಬುದು ಹೆಸರು ಜಾತಿ ಮೊದಲಾದ ಕಲ್ಪನೆಗಳ ಸೋಂಕಿಲ್ಲದ ಜ್ಞಾನವೆಂದನು. ನೈಯಾಯಿಕರು ಎರಡಕ್ಕೂ ಎಡೆಯಿತ್ತು, ಮೊದಲು ನಿರ್ವಿಕಲ್ಪಕ, ಅನಂತರ ಸವಿಕಲ್ಪಕ ಎಂದು ಜ್ಞಾನಕ್ಕೆ ಎರಡು ಮೆಟ್ಟಿಲುಗಳನ್ನು ಮಾಡಿದರು. ಆದರೆ ಈ ಮಹನೀಯರ ಚರ್ಚೆ ಭಾಷೆಯೆಂಬ ಸಾಮಾನ್ಯವನ್ನು ಕುರಿತದ್ದು. ಸಂಸ್ಕೃತವನ್ನಾಡುವವನ ಲೋಕವೊಂದು, ದ್ರಾವಿಡನುಡಿಯವನ ಲೋಕ ಇನ್ನೊಂದು ಎಂಬ ವಾದಕ್ಕೆ ಅವರು ಕೈಹಾಕಲಿಲ್ಲ. ಆ ವಾದ ಯುರೋಪಿನಲ್ಲಿ ಹಂಬೋಲ್ಟನ ಬರಹಗಳಲ್ಲಿ ತಲೆಯೆತ್ತಿ, ಅಮೆರಿಕದಲ್ಲಿ ಎಡ್ವರ್ಡ್ ಸಪೀರನ ಶಿಷ್ಯನಾದ ಬೆಂಜಮಿನ್ ಲೀ ವೋರ್ಫ್‌ನ ಕೈಯಲ್ಲಿ ಪ್ರಸಿದ್ಧಿ ಪಡೆಯಿತು.

ವೋರ್ಫ್ (1897–1941) ವೃತ್ತಿಯಿಂದ ಅಧ್ಯಾಪಕನಲ್ಲ. ಹಾರ್ಟ್‌ಫರ್ಡ್ ನಗರದ ಅಗ್ನಿವಿಮಾ ಕಂಪನಿಯೊಂದರಲ್ಲಿ ಬೆಂಕಿ ಬೀಳುವ ಕಾರಣಗಳನ್ನು ಪರಿಶೀಲಿಸುವ ಅಧಿಕಾರಿ. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಎಚ್ಚರಿಕೆಯಿಂದ ನಡೆದುಕೊಳ್ಳುವ ಕೂಲಿಗಳು ಖಾಲಿ ಪೀಪಾಯಿಗಳ ಬಳಿ ನಿಶ್ಚಿಂತೆಯಿಂದ ಸಿಗರೇಟು ಸೇದುವುದನ್ನು ಅವನು ಗಮನಿಸಿದನು. ನಿಜದಲ್ಲಿ ಅಪಾಯ ಹೆಚ್ಚಾಗಿದ್ದುದು, ಆವಿ ತುಂಬಿಕೊಂಡಿದ್ದ ಖಾಲಿ ಪೀಪಾಯಿಗಳಲ್ಲಿಯೇ. ಖಾಲಿಯೆಂಬ ಮಾತು ಅವರ ಕಣ್ಣಿಗೆ ತೆರೆಯಾಯಿತೆಂದು ವೋರ್ಫ್ ತರ್ಕಿಸಿದನು. ಇಷ್ಟಕ್ಕೇ ನಿಲ್ಲದೆ, ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ನುಡಿಯಲ್ಲಿ ನಮ್ಮಂತೆ ಕಾಲವನ್ನು ಎಣಿಸುವ ವ್ಯವಸ್ಥೆಯೇ ಇಲ್ಲವೆಂದೂ, ಆದುದರಿಂದ ಅವರ ಕಾಲಕಲ್ಪನೆಯೇ ಬೇರೆಯೆಂದೂ ಮುಂದುವರಿದನು. 1983ರಲ್ಲಿ ಎಕ್ಕೆಹಾರ್ಟ್ ಮಲೋಟ್ಕಿ ಎಂಬ ವಿದ್ವಾಂಸನು ಹೋಪಿ ನುಡಿಯಲ್ಲಿ ದಿನ, ತಿಂಗಳು, ಹಿಂದೆ, ಮುಂದೆಗಳನ್ನು ಹೇಳುವ ಬಗೆಗಳನ್ನು ಬೃಹದ್ಗ್ರಂಥವೊಂದರಲ್ಲಿ ಸಂಗ್ರಹಿಸಿ ತೋರಿಸಿದ ಮೇಲೆ ವೋರ್ಫ್‌ನ ಆ ಪ್ರತಿಜ್ಞೆ ನಿಲ್ಲದಾಯಿತು. ಭಾಷೆ ಮನಸ್ಸಿನ ಸೆರೆಮನೆ, ಅದರ ಗೋಡೆಯನ್ನು ದಾಟಿ ಆಲೋಚಿಸಲು ಯಾರಿಗೂ ಸಾಧ್ಯವಿಲ್ಲವೆಂಬ ಉಗ್ರಮತವನ್ನು ಈಗ ಗಂಭೀರ ವಿದ್ವಾಂಸರಾರೂ ಹಿಡಿಯುವುದಿಲ್ಲ. ಉಳಿದುಕೊಂಡಿರುವುದು, ರೋಮನ್ ಯಾಕೊಬ್ಸನ್ 1959ರಲ್ಲಿ ಸೂಚಿಸಿದ ಸೌಮ್ಯವಾದ ಮಾತು: ಏನನ್ನು ಹೇಳಬಲ್ಲವೆಂಬುದರಲ್ಲಿ ಭಾಷೆಗಳು ಬೇರೆಯಾಗುವುದಿಲ್ಲ; ಏನನ್ನು ಹೇಳದೆ ಬಿಡಲಾರವೆಂಬುದರಲ್ಲಿ ಬೇರೆಯಾಗುತ್ತವೆ. ಬಾಯಿ ತೆರೆದಾಗಲೆಲ್ಲ ಒಂದೊಂದು ನುಡಿ ತನ್ನವರನ್ನು ಒಂದೊಂದು ಪ್ರಶ್ನೆ ಕೇಳುತ್ತದೆ. ದಿನಕ್ಕೆ ನೂರು ಸಲ ಉತ್ತರಿಸಬೇಕಾದ ಪ್ರಶ್ನೆಗೆ ಮನಸ್ಸು ಸದಾ ಸಿದ್ಧವಾಗಿರುವುದು ಸಹಜ.

ಯಲಬುರ್ಗಾ ಕುಷ್ಟಗಿಗಳ ಒಣಬೇಸಾಯದ ಸೀಮೆಯಲ್ಲಿ ಈ ಮಾತನ್ನು ಪರೀಕ್ಷಿಸಿ ನೋಡಬಹುದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಬಿದ್ದರೂ ಹೊತ್ತಿಗೆ ಬೀಳುವುದೆಂಬ ಭರವಸೆಯಿಲ್ಲದ ನಾಡು ಅದು. ಕಪ್ಪುಮಣ್ಣಿನ ಎರಿ ಹೊಲವೆಂದರೆ ಒಂದು ಬಗೆಯ ಲೆಕ್ಕಾಚಾರ, ಕೆಂಪುಮಣ್ಣಿನ ಮಸಾರಿ ಹೊಲವೆಂದರೆ ಇನ್ನೊಂದು. ಅಲ್ಲಿಯ ಒಕ್ಕಲಿಗನ ಬಾಯಲ್ಲಿ ಮಳೆಯೆಂಬುದು ಆಕಾಶದಿಂದ ಬೀಳುವ ನೀರು ಮಾತ್ರವಲ್ಲ, ಅದೊಂದು ಕಾಲಖಂಡ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಆ ನಕ್ಷತ್ರದ ಮಳೆಯೆಂದೇ ಹೆಸರು. ಜೂನ್ ಮೊದಲ ವಾರದ ಕೊನೆಗೆ ಬರುವ ಮಿರಗ, ತಿಂಗಳ ಕೊನೆಯ ಆರಿದ್ರಾ, ಮುಂದೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಿ, ಉತ್ತರಿ, ಸಪ್ಟೆಂಬರ್ ಕೊನೆಯ ಹಸ್ತಾ, ಆಮೇಲೆ ಚಿತ್ತಾ, ಸ್ವಾತಿ. ಒಂದು ಹನಿಯೂ ಬೀಳದಿದ್ದರೂ ಮಿರಗದ ಮಳಿ ಹೋಯಿತೆಂದು ಅವನು ಹೇಳುತ್ತಾನೆ. ಪಟ್ಟಣದವನಿಗೆ ವಿರೋಧಾಭಾಸದಂತೆ ಕೇಳುವ ಈ ವಾಕ್ಯದಲ್ಲಿ ಒಂದು ಪೂರ್ಣ ಅರ್ಥಶಾಸ್ತ್ರವಡಗಿದೆ. ಮುಂಗಾರಿಯ ಬಿತ್ತಿಗೆಗೆ ಒದಗಬೇಕಾಗಿದ್ದ ಕಾಲ ಮೀರಿತು, ಇನ್ನು ಯಾವ ಬೆಳೆಯನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು, ಹಿಂಗಾರಿಯ ಬಿಳಿಜೋಳ ಕಡಲೆಗಳಿಗಾಗಿ ಹೊಲವನ್ನು ಖಾಲಿ ಇಡಬೇಕೆ ಎಂಬಿಷ್ಟೂ ಅದರೊಳಗಿದೆ. ಜೂನ್ ಜುಲೈ ಎಂದೆಣಿಸುವವನಿಗೆ ಮಳೆ ತಡವಾಗಿ ಬರುವ ಒಂದು ವಸ್ತು. ನಕ್ಷತ್ರದಿಂದೆಣಿಸುವವನಿಗೆ ಕಳೆದುಹೋದ ಮಳೆ ಕಳೆದೇಹೋಯಿತು, ಮುಂದೆ ಬರುವುದು ಬೇರೊಂದು ಮಳೆ, ಅದರ ಕರ್ತವ್ಯವೂ ಬೇರೆ.

ಇಷ್ಟನ್ನು ಕಂಡು, ಕನ್ನಡವೇ ಈ ರೈತನ ಕಾಲಪ್ರಜ್ಞೆಯನ್ನು ರೂಪಿಸಿತೆಂದು ಘೋಷಿಸುವವರು ಅವಸರಪಡುವವರು. ನಕ್ಷತ್ರಗಳ ಹೆಸರುಗಳು ಸಂಸ್ಕೃತದಿಂದ ಬಂದವು. ತೆಲುಗಿನ ರೈತನು ಕಾರ್ತೆಗಳೆಂದು ಎಣಿಸುವುದೂ ಇದೇ ಗಣನೆಯನ್ನು. ಮಹಾರಾಷ್ಟ್ರದ ರೈತನೂ ಇದನ್ನೇ ಬಲ್ಲನು. ಅದಕ್ಕಿಂತ ಹೆಚ್ಚಾಗಿ, ಇದೇ ಜಿಲ್ಲೆಯೊಳಗೆ ಗಂಗಾವತಿ ಕಾರಟಗಿಗಳ ಕಡೆಗೆ ಹೋದರೆ ಸಾಕು. 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಕೃಪೆಯಿಂದ ಭತ್ತದ ಗದ್ದೆಗಳಾಗಿ ಮಾರ್ಪಟ್ಟ ಆ ನೆಲದಲ್ಲಿ ಕನ್ನಡವನ್ನೇ ಆಡುವ ರೈತನು ಕಿವಿಗೊಡುವುದು ಮಿರಗಕ್ಕಲ್ಲ, ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿ ಸೇರಿ ಕಾಲುವೆಗೆ ಯಾವ ದಿನ ನೀರು ಬಿಡುವುದೆಂದು ಗೊತ್ತುಮಾಡಿತು ಎಂಬ ಸುದ್ದಿಗೆ. ಭಾಷೆ ಒಂದೇ, ಪಂಚಾಂಗ ಒಂದೇ. ಗಮನ ಮಾತ್ರ ಬೇರೆ. ಜೀವನ ಗಮನವನ್ನು ಬೇಡುತ್ತದೆ. ಭಾಷೆ ಆ ಗಮನಕ್ಕೆ ಹೆಸರಿಟ್ಟು ಮಗನಿಗೂ ಮೊಮ್ಮಗನಿಗೂ ದಾಟಿಸುತ್ತದೆ. ನನಗೆ ತೋರುವಂತೆ ಭಾಷೆಯ ನಿಜವಾದ ಸಾಮರ್ಥ್ಯವಿರುವುದು ಈ ದಾಟಿಸುವಿಕೆಯಲ್ಲಿ. ಬದುಕು ಬದಲಾದ ಮೇಲೂ ಒಂದೆರಡು ತಲೆಮಾರಿನವರೆಗೆ ಹಳೆಯ ಗಮನವನ್ನು ಅದು ಬಾಡಗೊಡದೆ ಇಟ್ಟಿರುತ್ತದೆ.

ದಿಕ್ಕುಗಳ ಮಾತೂ ಹೀಗೆಯೇ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿರುವ ಗೂಗು ಯಿಮಿದಿರ್ ಎಂಬ ಜನ ಎಡ ಬಲಗಳಿಂದ ಸ್ಥಳವನ್ನು ಹೇಳುವುದಿಲ್ಲ. ಬಟ್ಟಲು ಲೋಟದ ಬಡಗಲಿಗಿದೆ, ನಿನ್ನ ಪಡುವಣ ಕಾಲಿನ ಬಳಿ ಇರುವೆಯಿದೆ ಎಂಬ ರೀತಿಯಲ್ಲಿ ಅವರ ಮಾತು ಸಾಗುತ್ತದೆ. ಜಾನ್ ಹ್ಯಾವಿಲೆಂಡ್ ಹಾಗೂ ಸ್ಟೀಫನ್ ಲೆವಿನ್ಸನ್ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಲೆವಿನ್ಸನ್ ಮತ್ತು ಅವರ ಸಂಗಡಿಗರು ಹೂಡಿದ ಪರೀಕ್ಷೆ ಬಹು ಸರಳ. ಮೇಜಿನ ಮೇಲೆ ಆಟಿಕೆಯ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುವುದು. ಆಮೇಲೆ ನೋಡಿದವನನ್ನು ಹಿಂದಕ್ಕೆ ತಿರುಗಿಸಿ, ಎದುರಿನ ಇನ್ನೊಂದು ಮೇಜಿನ ಮೇಲೆ ಅದೇ ಸಾಲನ್ನು ಹೂಡೆನ್ನುವುದು. ಎಡಬಲಗಳಿಂದ ನೆನಪಿಟ್ಟವನು ಎಡಕ್ಕೆ ಮುಖಮಾಡಿದ್ದ ಹಸುವನ್ನು ಈಗಲೂ ಎಡಕ್ಕೇ ತಿರುಗಿಸುತ್ತಾನೆ; ಮೂಡಲ ಪಡುವಲಗಳಿಂದ ನೆನಪಿಟ್ಟವನು, ಹಸು ಮೂಡಲಿಗೆ ಮುಖಮಾಡಿದ್ದರೆ ಈಗಲೂ ಮೂಡಲಿಗೇ ತಿರುಗಿಸುತ್ತಾನೆ. ಡಚ್ ಭಾಷೆಯವರು ಮೊದಲ ಬಗೆಯನ್ನೂ, ಮೆಕ್ಸಿಕೋದ ಟ್ಸೆಲ್ಟಾಲ್ ನುಡಿಯವರು ಎರಡನೆಯ ಬಗೆಯನ್ನೂ ಹೆಚ್ಚಾಗಿ ಅನುಸರಿಸಿದರು. ಮಾತನಾಡದೆ ಮಾಡುವ ಕೆಲಸದಲ್ಲಿಯೂ ಮಾತಿನ ಅಭ್ಯಾಸ ಹಿಂಬಾಲಿಸುವುದೆಂಬುದಕ್ಕೆ ಇದನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಪರೀಕ್ಷೆ ನಡೆದ ಸ್ಥಳದ ಪರಿಸರವೇ ಫಲವನ್ನು ಬದಲಿಸೀತೆಂದು 2002ರಲ್ಲಿ ಪೆಗಿ ಲೀ ಮತ್ತು ಲೀಲಾ ಗ್ಲೈಟ್ಮನ್ ಆಕ್ಷೇಪಿಸಿದರು; ಆ ವಾದ ಪ್ರತಿವಾದ ಮುಗಿದುಹೋದುದಲ್ಲ.

ನಮಗೆ ಇಲ್ಲಿ ಹೆಚ್ಚು ಉಪಯುಕ್ತವಾದುದು ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ ನಡೆಸಿದ ಅಧ್ಯಯನ. ಅಲ್ಲಿ ಹಳ್ಳಿಯ ತಮಿಳರು ದಿಕ್ಕುಗಳಿಂದಲೂ, ನಗರದ ತಮಿಳರು ಎಡಬಲಗಳಿಂದಲೂ ಸ್ಥಳ ಹೇಳುವುದು ಕಂಡುಬಂದಿತು. ಒಂದೇ ನುಡಿ, ಒಂದೇ ವ್ಯಾಕರಣ. ಎರಡು ಪದಸಮೂಹಗಳೂ ಆ ನುಡಿಯಲ್ಲಿ ಉಂಟು. ಬಳಕೆ ಮಾತ್ರ ಬೇರೆಬೇರೆ. ಯಲಬುರ್ಗಾದ ರೈತನನ್ನು ಬಲ್ಲವರಿಗೆ ಇದು ಹೊಸ ಸಂಗತಿಯೆನಿಸಲಾರದು. ಬಡಗಲ ಬದುವಿನ ಬೇವಿನಗಿಡ, ತೆಂಕಲ ಮುಖದ ಬಾಗಿಲು, ಮೂಡಲ ಓಣಿ ಎಂದು ಅವನ ಮಾತು ನಡೆಯುತ್ತದೆ. ಹೊಲದ ಖರೀದಿಪತ್ರದ ಚಕ್ಕುಬಂದಿಯಲ್ಲಿ ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ ಎಂದೇ ಬರೆಯುತ್ತಾರೆ. ಕುಕನೂರು ಇಟಗಿಗಳಂಥ ಊರುಗಳ ಪ್ರಾಚೀನ ದೇವಾಲಯಗಳು ಎದ್ದ ಕಾಲದ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವ ಕ್ರಮವೂ ಇದೇ. ಇಟಗಿಯ ಮಹಾದೇವ ದೇವಾಲಯ ಕಟ್ಟಿದ 1112ರಿಂದ ಇಂದಿನ ನೋಂದಣಿ ಕಚೇರಿಯವರೆಗೆ ರಾಜ್ಯಗಳು ಎಷ್ಟೋ ಬದಲಾದವು. ನೆಲವನ್ನು ದಿಕ್ಕಿನಿಂದ ಗುರುತಿಸುವ ಪದ್ಧತಿ ಮಾತ್ರ ಕದಲಲಿಲ್ಲ. ಆದರೆ ಅದೇ ರೈತನು ನೊಗದ ಎತ್ತುಗಳನ್ನು ಕುರಿತು ಹೇಳುವಾಗ ಎಡದ ಎತ್ತು, ಬಲದ ಎತ್ತು ಎನ್ನುತ್ತಾನೆ. ನೇಗಿಲು ಸಾಲಿನ ಕೊನೆಯಲ್ಲಿ ತಿರುಗಿದಾಗಲೆಲ್ಲ ಎತ್ತಿನ ದಿಕ್ಕು ತಿರುಗುವುದರಿಂದ ಅಲ್ಲಿ ದಿಕ್ಕಿನ ಹೆಸರು ಕೆಲಸಕ್ಕೆ ಬಾರದು. ನೆಲಕ್ಕೊಂದು, ಎತ್ತಿಗೊಂದು, ಹೀಗೆ ಎರಡು ಮಾನಗಳನ್ನು ಒಬ್ಬನೇ ಮನುಷ್ಯ ಒಂದೇ ಹೊತ್ತಿನಲ್ಲಿ ತೊಡಕಿಲ್ಲದೆ ಬಳಸುತ್ತಾನೆಂಬುದನ್ನು, ಜನಾಂಗಗಳನ್ನು ಎಡಬಲದವರೆಂದೂ ದಿಕ್ಕಿನವರೆಂದೂ ಎರಡು ಪಾಳೆಯಗಳಿಗೆ ಹಂಚುವ ಪಂಡಿತರು ಮರೆಯಬಾರದು.

ಗಂಗಾವತಿಯ ಕ್ಯಾಂಪುಗಳ ಕಡೆಗೆ ಈಗ ತಿರುಗೋಣ. ಅಣೆಕಟ್ಟಿನ ನೀರು ಬಂದಮೇಲೆ ಕರಾವಳಿ ಆಂಧ್ರದಿಂದ ಭತ್ತದ ಬೇಸಾಯ ಬಲ್ಲ ಕುಟುಂಬಗಳು ಬಂದು ಇಲ್ಲಿ ನೆಲೆಸಿದವಷ್ಟೆ. ಅವರ ತೆಲುಗು, ಕನ್ನಡ ಕೇಳದಿರುವ ಒಂದು ಪ್ರಶ್ನೆಯನ್ನು ಕ್ಷಣಕ್ಷಣಕ್ಕೂ ಕೇಳುತ್ತದೆ. ಎದುರಿಗಿರುವವನನ್ನು ಸೇರಿಸಿಕೊಂಡು ಆಡುವ ‘ನಾವು’ ತೆಲುಗಿನಲ್ಲಿ ಮನಂ. ಅವನನ್ನು ಬಿಟ್ಟು ಆಡುವ ‘ನಾವು’ ಮೇಮು. ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಈ ಭೇದವುಂಟು. ನಮ್ಮ ಇಂದಿನ ಕನ್ನಡದಲ್ಲಿ ಇಲ್ಲ. ಕಾಲುವೆಯ ನೀರು ನಮ್ಮದೆಂದು ಕನ್ನಡದವನು ಹೇಳಿದಾಗ, ಕೇಳುವವನಿಗೂ ಅದರಲ್ಲಿ ಪಾಲುಂಟೋ ಇಲ್ಲವೋ ಎಂಬುದು ಸಂದರ್ಭದಿಂದ ತಿಳಿಯತಕ್ಕದ್ದು. ತೆಲುಗಿನವನು ಸರ್ವನಾಮದಲ್ಲಿಯೇ ಅದನ್ನು ಇತ್ಯರ್ಥ ಮಾಡಿಬಿಡಬೇಕು. ಇದರಿಂದ, ಒಳಗಿನವರು ಹೊರಗಿನವರೆಂಬ ಭೇದ ತೆಲುಗರಲ್ಲಿ ತೀಕ್ಷ್ಣ, ಕನ್ನಡಿಗರಲ್ಲಿ ಮಂದ ಎಂದು ಯಾರಾದರೂ ಸಿದ್ಧಾಂತ ಮಾಡಿದರೆ ಕಾಲುವೆಯ ಕೊನೆಭಾಗದ ರೈತರು ಅದನ್ನು ಕ್ಷಣಮಾತ್ರದಲ್ಲಿ ಅಲ್ಲಗಳೆದಾರು. ನೀರು ಮೇಲ್ಭಾಗದಲ್ಲಿಯೇ ನಿಂತುಹೋದ ವರ್ಷ, ನಾವು ಯಾರು ನೀವು ಯಾರು ಎಂಬುದು ಕನ್ನಡದಲ್ಲಿಯೂ ಎಳ್ಳಷ್ಟೂ ಅಸ್ಪಷ್ಟವಾಗಿ ಉಳಿಯುವುದಿಲ್ಲ. ಆದರೂ ವ್ಯತ್ಯಾಸವೇ ಇಲ್ಲವೆನ್ನಲಾಗದು. ಮಾತಿನ ಮೊದಲ ಅಕ್ಷರದಲ್ಲಿಯೇ ಎದುರಿನವನ ಸ್ಥಾನವನ್ನು ಗೊತ್ತುಮಾಡಬೇಕಾದ ನುಡಿಗೂ, ಅದನ್ನು ಹೇಳದೆ ತೇಲಿಸಬಹುದಾದ ನುಡಿಗೂ ಸಂಧಾನದ ಸಭೆಯಲ್ಲಿ ಬೇರೆಬೇರೆ ಅನುಕೂಲಗಳಿವೆ. ರಾಜಿಮಾಡಿಸುವ ಹಿರಿಯನಿಗೆ ಕನ್ನಡದ ನಾವು ಒಂದು ವರವೆಂದು ನಾನು ನಂಬುತ್ತೇನೆ.

ಇನ್ನೊಂದು ಪ್ರಶ್ನೆಯನ್ನು ಕನ್ನಡವೇ ಕೇಳುತ್ತದೆ. ಕಣ್ಣಾರೆ ಕಂಡುದನ್ನು ‘ಬಂದನು’ ಎನ್ನುವೆವು. ಕೇಳಿ ತಿಳಿದುದನ್ನು ‘ಬಂದನಂತೆ’ ಎನ್ನುವೆವು. ಒಂದು ಪ್ರತ್ಯಯದಲ್ಲಿ ಆಡುವವನು ತನ್ನ ಸಾಕ್ಷ್ಯದ ಬಲಾಬಲವನ್ನು ಒಪ್ಪಿಸಿಬಿಡುತ್ತಾನೆ. ಹಾಗಾದರೆ ಇಂಥ ನುಡಿಯನ್ನಾಡುವ ಮಕ್ಕಳು ತಿಳಿವಿನ ಮೂಲವನ್ನು ಬೇರೆಯವರಿಗಿಂತ ಮೊದಲೇ ವಿವೇಚಿಸುವರೆ? ಕೊರಿಯನ್ ಭಾಷೆಯಲ್ಲಿಯೂ ಇಂಥ ಪ್ರತ್ಯಯಗಳಿರುವುದರಿಂದ ಆನ್ನಾ ಪಾಪಾಫ್ರಾಗೂ ಮತ್ತು ಸಂಗಡಿಗರು ಕೊರಿಯನ್ ಮಕ್ಕಳನ್ನೂ ಇಂಗ್ಲಿಷ್ ಮಕ್ಕಳನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಮುನ್ನಡೆ ಕಾಣಲಿಲ್ಲ. ಆದರೆ ದಖ್ಖನದಲ್ಲಿ ಇದಕ್ಕಿಂತ ಸ್ವಾರಸ್ಯವಾದುದೊಂದು ನಡೆದಿದೆ. ಉತ್ತರ ಹಿಂದೂಸ್ಥಾನದ ಶಿಷ್ಟ ಉರ್ದುವಿನಲ್ಲಿ ಇಂಥ ಪ್ರತ್ಯಯವಿಲ್ಲ. ದ್ರಾವಿಡನುಡಿಗಳ ನಡುವೆ ಶತಮಾನಗಳಿಂದ ಬಾಳಿದ ದಖ್ಖನಿಯಾದರೋ, ‘ಆಯಾ ಕತೆ’ ಎಂದು ವಾಕ್ಯದ ಕೊನೆಗೆ ಕತೆಯೆಂಬ ಮಾತನ್ನು ಸೇರಿಸಿ, ಬಂದನಂತೆ ಎಂಬುದನ್ನು ಯಥಾವತ್ತಾಗಿ ತನ್ನದಾಗಿಸಿಕೊಂಡಿದೆ. ನಮ್ಮ ‘ಅಂತ’ ಎಂಬುದರ ಸ್ಥಾನದಲ್ಲಿ ‘ಬೋಲ್ಕೆ’ ಎಂಬುದನ್ನು ನಿಲ್ಲಿಸಿಕೊಂಡಿದೆ. ಪದ ಉರ್ದುವಿನದು, ಪ್ರಶ್ನೆ ಮಾತ್ರ ದ್ರಾವಿಡದ್ದು. ನೆರೆಮನೆಯವರು ತಲೆತಲಾಂತರದಿಂದ ಕೇಳುತ್ತ ಬಂದ ಪ್ರಶ್ನೆ ತನಗೂ ಬೇಕೆಂದು ಒಂದು ನುಡಿಗೆ ತೋರಿದರೆ ಅದಕ್ಕೆ ಉತ್ತರಿಸುವ ಸಾಮಗ್ರಿಯನ್ನು ಅದು ತನ್ನ ಮನೆಯೊಳಗೇ ಹುಡುಕಿಕೊಳ್ಳುತ್ತದೆ.

ಈ ವಿನಿಮಯದ ಪರಾಕಾಷ್ಠೆಯನ್ನು ಕಂಡವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡವನ್ನಾಡುವ ಜೈನ ಮತ್ತು ಲಿಂಗಾಯತ ಒಕ್ಕಲಿಗರು, ಉರ್ದುವಿನ ಮುಸಲ್ಮಾನರು, ಮರಾಠಿಯವರು, ಹಗ್ಗ ಹೊಸೆಯುವ ತೆಲುಗರು ಬಹುಕಾಲದಿಂದ ಕೂಡಿ ಬಾಳಿದ್ದರು. ಅವರ ನುಡಿಗಳನ್ನು ಪರಿಶೀಲಿಸಿ 1971ರಲ್ಲಿ ಈ ವಿದ್ವಾಂಸರು ಪ್ರಕಟಿಸಿದ ಲೇಖನದ ಸಾರವಿದು: ಮನೆಮನೆಗಳಲ್ಲಿ ಪದಕೋಶಗಳು ಬೇರೆಬೇರೆಯಾಗಿಯೇ ಉಳಿದಿವೆ, ವಾಕ್ಯದ ಕಟ್ಟಡ ಮಾತ್ರ ಎಲ್ಲರಿಗೂ ಸರಿಸುಮಾರು ಒಂದೇ ಆಗಿಬಿಟ್ಟಿದೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದು. ಶಿಷ್ಟ ಮರಾಠಿಯಲ್ಲಿ ಕಲ್ಲು ಮರಗಳಿಗೂ ಸ್ತ್ರೀಲಿಂಗ ಪುಲ್ಲಿಂಗಗಳ ವ್ಯವಸ್ಥೆಯುಂಟಷ್ಟೆ. ಅಲ್ಲಿಯ ಮರಾಠಿ, ಗಂಡಸಿಗೆ ಪುಲ್ಲಿಂಗ, ಹೆಂಗಸಿಗೆ ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕವೆಂಬ ಕನ್ನಡದ ವಿವೇಕವನ್ನು ಅನುಸರಿಸಿತು. ಅಲ್ಲಿಯ ಕನ್ನಡವೂ ಮರಾಠಿಯಂತೆ, ಕ್ರಿಯಾಪದವಿಲ್ಲದೆ ಮುಗಿಯಬಹುದಾದ ವಾಕ್ಯಗಳಿಗೆ ‘ಐತಿ’ಯನ್ನು ತಂದು ಜೋಡಿಸಿತು. ವ್ಯಾಕರಣವೇ ಆಲೋಚನೆಯ ಅಚ್ಚೆನ್ನುವವರು ಕುಪವಾಡಕ್ಕೆ ಏನು ಹೇಳಿಯಾರು? ಅಲ್ಲಿ ಕೂಡಿ ಬಾಳಿದ ಮನುಷ್ಯರು ಅಚ್ಚನ್ನೇ ಕಡೆದು ತಮ್ಮ ಕೂಡುಬಾಳಿಗೆ ಹೊಂದಿಸಿಕೊಂಡರು. ಆದರೆ ತಾನು ಯಾರ ಮನೆಯವನೆಂದು ತೋರಿಸುವ ಪದಗಳನ್ನು ಒಬ್ಬರೂ ಬಿಟ್ಟುಕೊಡಲಿಲ್ಲ.

ನುಡಿ ಮನಸ್ಸಿನ ಮೇಲೆ ನಡೆಸುವ ಪ್ರಭಾವದಲ್ಲಿ ಅತ್ಯಂತ ಗಾಢವಾದುದು ಲಿಂಗ ವಚನ ದಿಕ್ಕುಗಳಲ್ಲಿಲ್ಲ, ಆ ನುಡಿಗೆ ಸಮಾಜ ಕೊಡುವ ಸ್ಥಾನದಲ್ಲಿದೆ ಎಂಬುದೇ ನಾನು ಇಲ್ಲಿ ಒತ್ತಿ ಹೇಳಬೇಕಾದುದು. ಕೊಪ್ಪಳ ಯಲಬುರ್ಗಾಗಳು ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗರ ಜಹಗೀರಾಗಿದ್ದವು. ಗಂಗಾವತಿ ಕುಷ್ಟಗಿಗಳೂ ಅದೇ ರಾಜ್ಯದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತಭಾಷೆಯಾಯಿತು. 1948ರ ಸಪ್ಟೆಂಬರಿನವರೆಗೆ ಈ ಸೀಮೆಯ ಕನ್ನಡ ರೈತನ ಹೊಲದ ಹಕ್ಕು, ಅವನ ಫಿರ್ಯಾದಿ, ಅವನ ಮೇಲಿನ ಹುಕುಂ ಎಲ್ಲವೂ ಅವನಿಗೆ ಓದಲು ಬಾರದ ನುಡಿಯಲ್ಲಿದ್ದವು. ತಾನು ಬಿತ್ತಿ ಬೆಳೆಯುವ ನೆಲದ ವಿಷಯವಾಗಿ ಏನು ಬರೆದಿದೆಯೆಂದು ತಿಳಿಯಲು ಇನ್ನೊಬ್ಬನ ಬಾಯನ್ನು ನೋಡಬೇಕಾದ ಮನುಷ್ಯನಿಗೆ, ಕಚೇರಿಯ ವ್ಯವಹಾರ ತನ್ನ ಬುದ್ಧಿಗೆ ಮೀರಿದ್ದೆಂಬ ಭಾವನೆ ಬೇರೂರದೆ ಹೇಗಿದ್ದೀತು? ಆ ಭಾವನೆಯನ್ನು ಹುಟ್ಟಿಸಿದ್ದು ಉರ್ದುವಿನ ವ್ಯಾಕರಣವಲ್ಲ. ಉರ್ದು ಸಂಪನ್ನವಾದ, ಸುಕುಮಾರವಾದ ಭಾಷೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ, ವೈದ್ಯ ಗಣಿತ ನ್ಯಾಯಶಾಸ್ತ್ರಗಳನ್ನು ಅದರಲ್ಲಿ ಬೋಧಿಸಿ, ಭಾರತೀಯ ಭಾಷೆ ಆಧುನಿಕ ವಿದ್ಯೆಯ ಭಾರವನ್ನು ಹೊರಬಲ್ಲದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟಿತು. ಆ ಕೀರ್ತಿಯನ್ನು ಕನ್ನಡಿಗನೂ ಮನಸಾರೆ ಒಪ್ಪಬೇಕು. ಆದರೆ ಅದೇ ಸೌಭಾಗ್ಯ ಕನ್ನಡದ ಹುಡುಗನಿಗೆ ಅವನ ಮನೆಮಾತಿನಲ್ಲಿ ದೊರೆಯಲಿಲ್ಲವೆಂಬ ನೋವನ್ನೂ ಮುಚ್ಚಿಡಬೇಕಾಗಿಲ್ಲ.

ಆ ವಿದ್ಯಾನಿಲಯದಲ್ಲಿ ಕಲಿತವರಲ್ಲೊಬ್ಬರು ಸಿದ್ಧಯ್ಯ ಪುರಾಣಿಕರು. 1918ರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿ, ಉರ್ದುವಿನಲ್ಲಿ ಪಾಠ ಕೇಳಿ, ಆಡಳಿತ ಸೇವೆಯಲ್ಲಿ ಇಂಗ್ಲಿಷಿನ ಕಡತಗಳ ನಡುವೆ ದುಡಿದು, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದಲ್ಲಿ ಕವಿತೆ ಬರೆದರು. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ರಾಯಚೂರಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಇವರ ಮನಸ್ಸು ಒಂದೊಂದು ಭಾಷೆಗೆ ಒಂದೊಂದಾಗಿ ಒಡೆದುಹೋಗಿತ್ತೆಂದು ಹೇಳುವವರಿಲ್ಲ. ಮನೆಯ ನುಡಿ ಗಟ್ಟಿಯಾಗಿ ನಿಂತಿದ್ದವರಿಗೆ ಹೊರಗಿನ ನುಡಿಗಳು ಸಂಪತ್ತಾಗಿ ಕೂಡಿಬಂದವು. ಹೀಗೆ ನಿಲ್ಲಲು ಅವಕಾಶವೇ ದೊರೆಯದ ಮಗುವಿನ ಗತಿ ಬೇರೆ. ಇಂದು ತಾಂಡಾದ ಕೂಸು ಅಂಗನವಾಡಿಯಲ್ಲಿ ಕನ್ನಡವನ್ನೂ, ಆಮೇಲೆ ಶಾಲೆಯಲ್ಲಿ ಇಂಗ್ಲಿಷನ್ನೂ ಎದುರಿಸುವಾಗ ಅದರ ಲಂಬಾಣಿ ನುಡಿಗೆ ತರಗತಿಯಲ್ಲಿ ಒಂದು ಮಣೆಯೂ ಇಲ್ಲ. ಹಿಂದೆ ಕನ್ನಡ ರೈತ ಪಟ್ಟ ಸಂಕಟವನ್ನು ನಾವು ನಮ್ಮ ಆಳಿಕೆಯಲ್ಲಿ ಇನ್ನೊಬ್ಬರ ಮಗುವಿಗೆ ದಾಟಿಸತಕ್ಕುದಲ್ಲ. ಹಾಗೆಯೇ, ಇಂಗ್ಲಿಷ್ ಮಾಧ್ಯಮವೊಂದನ್ನೇ ನೆಚ್ಚಿದ ಪಟ್ಟಣದ ಕನ್ನಡದ ಮಗುವಿಗೆ ಮಿರಗ ಯಾವಾಗ, ತೆಂಕಲು ಯಾವ ಕಡೆ ಎಂಬುದು ಗೊತ್ತಿಲ್ಲದಂತೆ ಆಗಗೊಡತಕ್ಕುದೂ ಅಲ್ಲ.

ಈ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರು ಮನಸ್ಸು ಮಾಡಿದರೆ ಲೆವಿನ್ಸನ್ನರ ಪರೀಕ್ಷೆಯನ್ನು ಇಲ್ಲಿಯೇ ನಡೆಸಬಹುದು. ಬೇಕಾದುದು ಎರಡು ಮೇಜು, ಮೂರು ನಾಲ್ಕು ಪ್ರಾಣಿಗಳ ಗೊಂಬೆ; ಗೊಂಬೆಗಳಿಗಾಗಿ ಕಿನ್ನಾಳದ ಚಿತ್ರಗಾರರ ಮನೆಗಳವರೆಗೆ ಹೋದರೆ ಸಾಕು. ಯಲಬುರ್ಗಾದ ಎರಿಸೀಮೆಯ ಹಳ್ಳಿಯ ಶಾಲೆ, ಕುಷ್ಟಗಿಯ ತಾಂಡಾ, ಗಂಗಾವತಿಯ ಕ್ಯಾಂಪು, ಕೊಪ್ಪಳದ ಉರ್ದು ಶಾಲೆ, ಪೇಟೆಯ ಇಂಗ್ಲಿಷ್ ಶಾಲೆ, ಇಷ್ಟು ಕಡೆಗಳಲ್ಲಿ ಮಕ್ಕಳ ಮುಂದೆಯೂ ಅವರ ಅಜ್ಜ ಅಜ್ಜಿಯರ ಮುಂದೆಯೂ ಅದೇ ಸಾಲನ್ನು ಹೂಡಿ ನೋಡಲಿ. ಪರೀಕ್ಷೆಯನ್ನು ಮನೆಯೊಳಗೊಮ್ಮೆ, ಬಯಲಿನಲ್ಲೊಮ್ಮೆ ಮಾಡಿದರೆ ಲೀ ಮತ್ತು ಗ್ಲೈಟ್ಮನ್ನರ ಆಕ್ಷೇಪಕ್ಕೂ ಉತ್ತರ ದೊರೆತೀತು. ಹಸು ಯಾವ ಕಡೆಗೆ ಮುಖಮಾಡಿತೆಂಬುದನ್ನು ಬರೆದಿಟ್ಟುಕೊಳ್ಳುವಾಗ, ಗೊಂಬೆಯನ್ನು ಕೈಯಲ್ಲಿ ಹಿಡಿದು ಯೋಚಿಸುತ್ತ ಆ ಮಗು ಪಕ್ಕದವರೊಡನೆ ಯಾವ ನುಡಿಯಲ್ಲಿ ಮಾತಾಡಿತೆಂಬುದನ್ನೂ ಮರೆಯದೆ ಬರೆದುಕೊಳ್ಳಬೇಕು.